ಕಣ್ಣು ಎಲ್ಲಿದೆ, ಮೊದಲು ಹೇಳಿ



ನಿಮ್ಮಲ್ಲಿ ಕೆಲವರು ಆರ್ಕಿಟೆಕ್ಚರ್ ಓದುತ್ತಿದ್ದೀರಿ. ಕೆಲವರು ಡ್ರಾಫ್ಟ್ಸ್‌ಮನ್ ಕೋರ್ಸಿಗೆ ಸೇರಿದ್ದೀರಿ. ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕಾಗ ನಿಮ್ಮಿಂದ ಎರಡು ಮಾತು ಮತ್ತೆ ಮತ್ತೆ ಕೇಳುತ್ತೇನೆ. "ಆಂಟಿ, ಪ್ಲಾನ್ ಬರುತ್ತೆ, ಎಲಿವೇಶನ್ ಬರುತ್ತೆ, ಪರ್ಸ್‌ಪೆಕ್ಟಿವ್ ಮಾತ್ರ ಬರಲ್ಲ. ಅದಕ್ಕೆ ಹುಟ್ಟಿನಿಂದಲೇ ಕೈ ಬೇಕು" ಎನ್ನುವುದು ಒಂದು. "ಕಂಪ್ಯೂಟರ್ ಮಾಡಿಕೊಡುತ್ತಲ್ಲ, ನಾವ್ಯಾಕೆ ಕಲೀಬೇಕು?" ಎನ್ನುವುದು ಇನ್ನೊಂದು. ಈ ತಿಂಗಳು ಎರಡಕ್ಕೂ ಉತ್ತರ ಹೇಳೋಣ ಎಂದು ಕೂತಿದ್ದೇನೆ.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ಗೃಹಿಣಿಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ನನ್ನ ಮಗಳು ಡ್ರಾಫ್ಟಿಂಗ್ ಕಲಿಯುವಾಗ ನಮ್ಮ ಊಟದ ಮೇಜೇ ಅವಳ ಡ್ರಾಯಿಂಗ್ ಬೋರ್ಡು. ನಾನು ಒಂದು ತುದಿಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದರೆ ಅವಳು ಇನ್ನೊಂದು ತುದಿಯಲ್ಲಿ ಗೆರೆ ಎಳೆಯುತ್ತಿದ್ದಳು. ಅವಳು ತನಗೆ ತಾನೇ ಜೋರಾಗಿ ಹೇಳಿಕೊಂಡ ಪಾಠ ನನಗೂ ಬಂತು. ಕಾದಂಬರಿಯ ಪಾಠದಲ್ಲಿ ನಮ್ಮ ಮೇಷ್ಟ್ರು 'ಪಾಯಿಂಟ್ ಆಫ್ ವ್ಯೂ' ಎನ್ನುತ್ತಿದ್ದರು: ಕಥೆ ಯಾರ ಕಣ್ಣಿನಿಂದ ಕಾಣುತ್ತಿದೆ ಎಂಬ ಪ್ರಶ್ನೆ. ಪರ್ಸ್‌ಪೆಕ್ಟಿವ್ ಕೇಳುವುದೂ ಅದೇ ಪ್ರಶ್ನೆ, ಆದರೆ ಅಡಿ ಇಂಚುಗಳ ಲೆಕ್ಕದಲ್ಲಿ.

ಪ್ಲಾನಿಗೆ ಕಣ್ಣಿಲ್ಲ. ಮನೆಯನ್ನು ಯಾರೂ ಸೂರು ತೆಗೆದು ಮೇಲಿನಿಂದ ನೋಡುವುದಿಲ್ಲ. ಪರ್ಸ್‌ಪೆಕ್ಟಿವ್‌ನಲ್ಲಿ ಮಾತ್ರ ಒಬ್ಬ ಮನುಷ್ಯ ಒಂದು ಜಾಗದಲ್ಲಿ ನಿಂತಿರುತ್ತಾನೆ. ಅವನ ಕಣ್ಣು ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಎತ್ತರದಲ್ಲಿ ಅಡ್ಡಗೆರೆ ಎಳೆದರೆ ಅದೇ ಹೊರೈಜನ್ ಲೈನ್. ನಾಳೆ ಯಾವುದಾದರೂ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಪರೀಕ್ಷಿಸಿ. ನಿಮ್ಮಷ್ಟೇ ಎತ್ತರದವರ ಕಣ್ಣುಗಳೆಲ್ಲ, ಹತ್ತಿರದವರದಾಗಲಿ ದೂರದವರದಾಗಲಿ, ಒಂದೇ ಗೆರೆಯ ಮೇಲೆ ಕಾಣುತ್ತವೆ. ಪಾದಗಳು ಮಾತ್ರ ದೂರ ಹೋದಷ್ಟೂ ಮೇಲಕ್ಕೇರುತ್ತವೆ. ಹಳಿಗಳು ನೇರವಾಗಿ ಹೋಗಿದ್ದರೆ ಅವು ಕೂಡುವುದೂ ಆ ಗೆರೆಯ ಮೇಲೆಯೇ. ಹಾಗೆ ಕೂಡುವ ಜಾಗವೇ ವ್ಯಾನಿಷಿಂಗ್ ಪಾಯಿಂಟ್. ನಾವು ಮಾಯಬಿಂದು ಎನ್ನೋಣ. ಅಡಿಗೆಮನೆಯಲ್ಲೂ ಇದೇ ನಿಯಮ. ಕಣ್ಣಿಗಿಂತ ಮೇಲಿರುವ ಅಟ್ಟದ ಅಂಚು ದೂರ ಹೋಗುತ್ತ ಇಳಿಯುತ್ತದೆ, ಕೆಳಗಿರುವ ಕಟ್ಟೆಯ ಅಂಚು ಏರುತ್ತದೆ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. 12 ಅಡಿ ಅಗಲ, 9 ಅಡಿ ಎತ್ತರ, 10 ಅಡಿ ಉದ್ದದ ಕೋಣೆ ಇದೆ ಎನ್ನಿ. ನಮ್ಮ ಕಡೆಯ ಗೋಡೆ ತೆಗೆದು ಒಳಗೆ ನೋಡುತ್ತಿದ್ದೇವೆ. ಇಂಚಿಗೆ 2 ಅಡಿಯಂತೆ, 6 ಇಂಚು ಅಗಲ, ನಾಲ್ಕೂವರೆ ಇಂಚು ಎತ್ತರದ ಚೌಕಟ್ಟು ಬರೆಯಿರಿ. ಕೆಳಗಿನ ಗೆರೆಯ ಮೇಲೆ ಅರ್ಧ ಅರ್ಧ ಇಂಚಿಗೆ, ಎಂದರೆ ಅಡಿಗೊಂದು, ಗುರುತು ಹಾಕಿ. ಕಣ್ಣಿನ ಎತ್ತರ 5 ಅಡಿ. ಆದ್ದರಿಂದ ನೆಲದಿಂದ ಎರಡೂವರೆ ಇಂಚು ಮೇಲೆ ಹೊರೈಜನ್ ಲೈನ್ ಎಳೆದು ಅದರ ನಡುವೆ ಮಾಯಬಿಂದು ಇಡಿ. ನಾಲ್ಕು ಮೂಲೆಗಳನ್ನೂ ಅದಕ್ಕೆ ಸೇರಿಸಿ. ಗೋಡೆ, ನೆಲ, ಸೂರು ಬಂದವು.

ಆದರೆ ಹಿಂದಿನ ಗೋಡೆ ಎಲ್ಲಿ ನಿಲ್ಲಬೇಕು? ಹಲವರು ಸೋಲುವುದು ಇಲ್ಲಿ. ಅಂದಾಜಿನಲ್ಲಿ ಒಂದು ಗೆರೆ ಎಳೆದುಬಿಡುತ್ತಾರೆ. ಅಂದಾಜು ಬೇಡ. ನೋಡುವವನು ಚೌಕಟ್ಟಿನಿಂದ 12 ಅಡಿ ಹಿಂದೆ ನಿಂತಿದ್ದಾನೆ ಎಂದು ತೀರ್ಮಾನಿಸಿ. ಅದೇ ಅಳತೆಯನ್ನು, 6 ಇಂಚನ್ನು, ಹೊರೈಜನ್ ಲೈನಿನ ಮೇಲೆ ಮಾಯಬಿಂದುವಿನಿಂದ ಎಡಕ್ಕೆ ಅಳೆದು ಒಂದು ಚುಕ್ಕೆ ಇಡಿ. ಅದು ಚೌಕಟ್ಟಿನ ಹೊರಗೆ ಬೀಳುತ್ತದೆ, ಬೀಳಲಿ. ಇದು ದೂರದ ಬಿಂದು. ಕೆಳಗಿನ ಗೆರೆಯಲ್ಲಿ ಎಡಮೂಲೆಯಿಂದ ಹತ್ತನೇ ಅಡಿಯ ಗುರುತನ್ನು ಈ ಬಿಂದುವಿಗೆ ಸೇರಿಸಿ. ಎಡಗೋಡೆಯ ಬುಡದ ಗೆರೆಯನ್ನು ಅದು ಎಲ್ಲಿ ಕತ್ತರಿಸುತ್ತದೋ ಅಲ್ಲಿಗೆ ಸರಿಯಾಗಿ 10 ಅಡಿ ಆಳ. ಅಲ್ಲಿಂದ ಒಂದು ಅಡ್ಡಗೆರೆ, ಎರಡು ನೆಟ್ಟಗೆರೆ, ಸೂರಿಗೆ ಮತ್ತೊಂದು ಅಡ್ಡಗೆರೆ: ಕೋಣೆ ಮುಗಿಯಿತು. ಇದರಲ್ಲಿ ಹುಟ್ಟಿನ ಕೈ ಎಲ್ಲಿ ಬಂತು, ನೀವೇ ಹೇಳಿ. ರಂಗೋಲಿಗೆ ಚುಕ್ಕಿ ಸರಿಯಾಗಿ ಇಡಬಲ್ಲವರು ಇದನ್ನೂ ಬರೆಯಬಲ್ಲರು.

ಹೀಗೆ ಬರೆದ ಹಿಂದಿನ ಗೋಡೆ ಕಾಗದದ ಮೇಲೆ ಸುಮಾರು ಮೂರೂಕಾಲು ಇಂಚು ಅಗಲ ಬರುತ್ತದೆ. ಈಗ ನೋಡುವವನನ್ನು 12 ಅಡಿಯ ಬದಲು 4 ಅಡಿ ದೂರದಲ್ಲಿ ನಿಲ್ಲಿಸಿ, ಎಂದರೆ ದೂರದ ಬಿಂದುವನ್ನು 2 ಇಂಚಿಗೆ ತನ್ನಿ. ಮಿಕ್ಕದ್ದೆಲ್ಲ ಅದೇ ಇರಲಿ. ಹಿಂದಿನ ಗೋಡೆ ಒಂದೂಮುಕ್ಕಾಲು ಇಂಚಿಗೂ ಸ್ವಲ್ಪ ಕಡಿಮೆಯಾಗಿ ದೂರ ಓಡಿಹೋಗುತ್ತದೆ. 10 ಅಡಿಯ ಕೋಣೆ ಮದುವೆ ಹಾಲ್‌ನಂತೆ ಕಾಣುತ್ತದೆ! ಒಂದು ಅಳತೆಯೂ ಸುಳ್ಳಲ್ಲ. ನಿಂತ ಜಾಗ ಮಾತ್ರ ಬೇರೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾವು ಮನೆ ಕೊಂಡಾಗ ಬಿಲ್ಡರೊಬ್ಬರ ಪುಸ್ತಿಕೆಯಲ್ಲಿ ಅಡಿಗೆಮನೆಯ ಚಿತ್ರ ಇಂಥದೇ ಇತ್ತು. ಕೀಲಿಕೈ ಕೊಟ್ಟ ಮೇಲೆ ಫ್ರಿಜ್ ಇಟ್ಟರೆ ಕಪಾಟಿನ ಬಾಗಿಲು ಪೂರ್ತಿ ತೆರೆಯಲಿಲ್ಲ. ಪ್ಲಾನಿನಲ್ಲಿ ಅಂಕಿಗಳು ಸರಿಯಾಗಿಯೇ ಇದ್ದವು. 2016ರ ರಿಯಲ್ ಎಸ್ಟೇಟ್ ಕಾಯ್ದೆ ಬಂದ ಮೇಲೆ ಕಾರ್ಪೆಟ್ ಏರಿಯಾ ಎಷ್ಟೆಂದು ಹೇಳಲೇಬೇಕು, ಒಳ್ಳೆಯದೇ. ಆದರೆ ಜೀವಮಾನದ ಉಳಿತಾಯ ಸುರಿಯುವವರು ಅಂಕಿಗಿಂತ ಹೆಚ್ಚಾಗಿ ಚಿತ್ರವನ್ನೇ ನಂಬುತ್ತಾರೆ. ಆ ಚಿತ್ರ ಬರೆಯುವ ಕೈ ನಾಳೆ ನಿಮ್ಮದಾಗಿರುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ವಿದ್ಯೆಯನ್ನು ಕ್ರಮವಾಗಿ ತೋರಿಸಿದವನು ಇಟಲಿಯ ಫ್ಲಾರೆನ್ಸ್ ನಗರದ ಬ್ರುನೆಲೆಸ್ಕಿ. ಅಲ್ಲಿನ ಕೆಥೆಡ್ರಲಿನ ದೊಡ್ಡ ಗುಮ್ಮಟ ಕಟ್ಟಿದವನೂ ಅವನೇ. 15ನೇ ಶತಮಾನದ ಮೊದಲ ದಶಕಗಳಲ್ಲಿ ಅವನು ಕೆಥೆಡ್ರಲಿನ ಎದುರಿನ ಬ್ಯಾಪ್ಟಿಸ್ಟ್ರಿಯ ಚಿತ್ರ ಬರೆದು, ಹಲಗೆಯಲ್ಲಿ ಒಂದು ತೂತು ಕೊರೆದ. ಹಲಗೆಯ ಹಿಂದಿನಿಂದ ಆ ತೂತಿಗೆ ಕಣ್ಣಿಟ್ಟು, ಎದುರು ಹಿಡಿದ ಕನ್ನಡಿಯಲ್ಲಿ ಚಿತ್ರ ನೋಡಬೇಕು. ತೂತು ಏಕೆ? ನೋಡುವವನ ಕಣ್ಣು ಒಂದೇ ಜಾಗದಲ್ಲಿ ನಿಲ್ಲಲಿ ಎಂದು. 1435ರಲ್ಲಿ ಆಲ್ಬರ್ಟಿ ಈ ನಿಯಮಗಳನ್ನು ಗ್ರಂಥರೂಪದಲ್ಲಿ ಬರೆದಿಟ್ಟ. ಬೆಳಕು ನೇರವಾಗಿ ಹೋಗುತ್ತದೆ ಎಂಬುದೇ ಇದರ ಬುನಾದಿ. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಸಣ್ಣ ಕಿಂಡಿಯ ಮೂಲಕ ಗೋಪುರದ ನೆರಳು ತಲೆಕೆಳಗಾಗಿ ಗೋಡೆಗೆ ಬೀಳುವುದನ್ನು ರಜೆಯಲ್ಲಿ ನೀವು ನೋಡಿದ್ದರೆ, ಅದಕ್ಕೂ ಇದೇ ಕಾರಣ.

ಇನ್ನು ಕಂಪ್ಯೂಟರಿನ ಮಾತು. ಅದು ಗೆರೆಗಳನ್ನು ನಿಮಗಿಂತ ಬೇಗ ಎಳೆಯುತ್ತದೆ, ನಿಜ. ಆದರೆ ಕ್ಯಾಮೆರಾ ಎಷ್ಟು ಎತ್ತರದಲ್ಲಿ, ಎಷ್ಟು ದೂರದಲ್ಲಿ, ಎಷ್ಟು ಅಗಲದ ನೋಟ ಎಂಬುದನ್ನು ಆರಿಸುವವರು ನೀವೇ. ನೋಟದ ಕೋನ ಸುಮಾರು 60 ಡಿಗ್ರಿ ದಾಟಿದರೆ ಅಂಚುಗಳು ಎಳೆದಂತಾಗುತ್ತವೆ ಎಂದು ಡ್ರಾಯಿಂಗ್ ಪಾಠದಲ್ಲಿ ಹೇಳುತ್ತಾರೆ. ಕೈಯಿಂದ ಹತ್ತು ಕೋಣೆ ಬರೆದವರಿಗೆ ಅದು ಏಕೆಂದು ಗೊತ್ತಿರುತ್ತದೆ. ಬರೆಯದವರು ತೆರೆಯ ಮೇಲೆ ಬಂದದ್ದನ್ನು ಒಪ್ಪಿಕೊಳ್ಳುತ್ತಾರೆ.

ಆದ್ದರಿಂದ ಈ ತಿಂಗಳು ಒಂದು ಮನೆಗೆಲಸ. ನಿಮ್ಮ ಮನೆಯ ಅಡಿಗೆಮನೆಯನ್ನೇ ಅಳೆದು ಎರಡು ಸಲ ಬರೆಯಿರಿ. ಒಮ್ಮೆ ಕಟ್ಟೆಯ ಮುಂದೆ ನಿಲ್ಲುವ ಅಮ್ಮನ ಕಣ್ಣಿನ ಎತ್ತರದಲ್ಲಿ, ಇನ್ನೊಮ್ಮೆ ನೆಲದ ಮೇಲೆ ಕೂತು ಸೊಪ್ಪು ಸೋಸುವ ಅಜ್ಜಿಯ ಕಣ್ಣಿನ ಎತ್ತರದಲ್ಲಿ. ಅದು ಎರಡೂವರೆ ಅಡಿಯ ಆಸುಪಾಸು ಇರಬಹುದು, ಟೇಪು ಹಿಡಿದು ನೋಡಿ. ಯಾವ ಶೆಲ್ಫು ಯಾರಿಗೆ ಎಟಕದು, ಯಾವ ಕಿಟಕಿಯಿಂದ ಯಾರಿಗೆ ಆಕಾಶ ಮಾತ್ರ ಕಾಣುತ್ತದೆ ಎಂಬುದು ಪ್ಲಾನಿನಲ್ಲಿ ತಿಳಿಯದು, ಈ ಎರಡು ಚಿತ್ರಗಳಲ್ಲಿ ತಿಳಿಯುತ್ತದೆ. ಬರೆದದ್ದನ್ನು ಅವರಿಬ್ಬರಿಗೂ ತೋರಿಸಿ. ಅಜ್ಜಿ "ಹೌದು, ನನಗೆ ಹೀಗೇ ಕಾಣೋದು" ಎಂದರೆ ನಿಮಗೆ ಪರ್ಸ್‌ಪೆಕ್ಟಿವ್ ಬಂತು ಎಂದು ತಿಳಿಯಿರಿ.

ಮುಂದಿನ ತಿಂಗಳು ಮತ್ತೆ ಸಿಗೋಣ.