ತೋಟದ ಚಹಾ ಮತ್ತು ಲೋಟ

ಕೊನೆ ಕೊಯ್ಲಾಗಲಿ, ಅಡಿಕೆ ಸುಲಿಯುವುದಾಗಲಿ, ನಡುವೆ ಒಂದು ಚಹಾ ಬಾರದಿದ್ದರೆ ನಮ್ಮ ಸೂಪಾ ಸೀಮೆಯಲ್ಲಿ ಕೆಲಸ ಸಾಗದು. ಗೊಬ್ಬರ, ಔಷಧಗಳ ವಿಷಯದಲ್ಲಿ ದಿನವಿಡೀ ಚರ್ಚಿಸುವ ನಾವು ಚಹಾದ ಪಾತ್ರೆಯ ಬಗ್ಗೆ ಯೋಚಿಸಿದವರಲ್ಲ. ಮನೆಗೆ ಬೇಡವಾದ ಸೊಟ್ಟ ಪಾತ್ರೆ, ಮುಚ್ಚಳವಿಲ್ಲದ ಕಿಟ್ಲಿ ತೋಟಕ್ಕೆ ಹೋಗುತ್ತವೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲು ಕಾಯಿಸುವ ಪಾತ್ರೆ. ಮೂರು ಕಲ್ಲಿನ ಒಲೆಗೆ ತಳ ದಪ್ಪವಿರುವ, ಹಿಡಿಕೆಯಿರುವ ಸ್ಟೀಲ್ ಪಾತ್ರೆಯೇ ಲೇಸು. ತೆಳು ತಳವಾದರೆ ಹಾಲು ಸೀಯುತ್ತದೆ. ಚಹಾದಲ್ಲಿಯೂ ಅಡಿಕೆಯಲ್ಲಿರುವಂತೆ ಚೊಗರುಂಟು; ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಲಿಂಬೆ ಹಿಂಡಿದ ಚಹಾವನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಇಡಬಾರದು. ಕಲಾಯಿ ಹೋದ ತಾಮ್ರದ ಪಾತ್ರೆಯಂತೂ ಬೇಡವೇ ಬೇಡ.

ಮನೆಯಿಂದ ತೋಟ ದೂರವಿದ್ದರೆ ಒಳಗೂ ಸ್ಟೀಲ್ ಇರುವ ಫ್ಲಾಸ್ಕ್ ಕೊಳ್ಳಿರಿ. ಒಳಗೆ ಗಾಜು ಇರುವಂಥದು ಜಾರುವ ಧರೆಯಲ್ಲಿ ಒಮ್ಮೆ ಬಿದ್ದರೆ ಮುಗಿಯಿತು. ತಿಕ್ಕಿ ತೊಳೆಯಲು ಬರುವಂತೆ ಬಾಯಿ ಅಗಲವಿರಲಿ. ಹಾಲು ಬೆರೆಸಿದ ಚಹಾ ಬಹಳ ಹೊತ್ತು ಇಟ್ಟರೆ ಕೆಡುತ್ತದೆ, ಬೇಕಾದಷ್ಟೇ ಒಯ್ಯಿರಿ.

ಕೊಳೆ ಮದ್ದು ಹೊಡೆಯುವ ದಿನ ಹೆಚ್ಚಿನ ಎಚ್ಚರ ಬೇಕು. ನೂರು ಲೀಟರ್ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸುತ್ತೇವೆ. ಮೈಲುತುತ್ತ ವಿಷ. ಅದನ್ನು ಮೊಗೆದ ಲೋಟ, ಕಲಸಿದ ಬಕೆಟ್ಟು ಚಹಾದ ಹತ್ತಿರ ಸುಳಿಯಬಾರದು. ಕೈ ತೊಳೆಯದೆ ಲೋಟ ಮುಟ್ಟಬಾರದು.

ಇನ್ನು ಲೋಟದ ಮಾತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟಕ್ಕೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಈಗ ಕಾಗದದ ಲೋಟದ ಕಾಲ. ಅದರ ಒಳಮೈಗೂ ಪ್ಲಾಸ್ಟಿಕ್ ಲೇಪವಿರುತ್ತದೆ. ಅಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿನೀರು 15 ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆಂದು ಖರಗ್‌ಪುರದ ಐ.ಐ.ಟಿ. ಸಂಶೋಧಕರು 2020ರಲ್ಲಿ ತಿಳಿಸಿದ್ದಾರೆ. ಎಸೆದ ಲೋಟ ಹಳ್ಳ ಹಿಡಿದು ಕಾಳಿ ನದಿಯನ್ನು ಸೇರುತ್ತದೆ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಆಳಿನ ಲೋಟವನ್ನು ಮಾಡಿನ ಸಂದಿಯಲ್ಲಿ ಬೇರೆಯಾಗಿ ಸಿಕ್ಕಿಸಿಡುತ್ತಿದ್ದ ಕಾಲವೊಂದಿತ್ತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿ ಎಪ್ಪತ್ತು ವರ್ಷ ಮೀರಿತು. ಆದರೂ ನಮಗೆ ಸ್ಟೀಲ್ ಲೋಟ, ಕೆಲಸದವರಿಗೆ ಕಾಗದದ ಲೋಟ ಎಂದಾದರೆ ಆ ಹಳೆಯ ಸಂದಿಯೇ ಹೊಸ ವೇಷದಲ್ಲಿ ಬಂತೆನ್ನಬೇಕು. ತೊಳೆಯುವ ಕೆಲಸ ಉಳಿಯಿತೆಂದು ನಾವು ಹೇಳಿಕೊಳ್ಳಬಹುದು. ಯಾರ ಎಂಜಲು ತೊಳೆಯುವುದು ಉಳಿಯಿತೆಂಬುದು ಕುಡಿಯುವವನಿಗೆ ತಿಳಿಯದೆ ಇರುವುದಿಲ್ಲ.

ಆದ್ದರಿಂದ ಪ್ರತಿ ತೋಟಕ್ಕೂ ಒಂದು ಡಜನ್ ಸ್ಟೀಲ್ ಲೋಟ ಇರಲಿ. ಎಲ್ಲವೂ ಒಂದೇ ತರಹದವು. ಯಜಮಾನನೂ ಅದರಲ್ಲೇ ಕುಡಿಯಲಿ. ಆಳು ಸಿಗುವುದಿಲ್ಲವೆಂದು ದೂರುವ ನಾವು, ಬಂದವರ ಕೈಗೆ ಎಂಥ ಲೋಟ ಕೊಟ್ಟೆವೆಂದು ಒಮ್ಮೆ ನೋಡಿಕೊಳ್ಳೋಣ.