ಬೆಕ್ಕಿಗೆ ಹದಿನಾರು ಸಾವಿರವಾ?

ಈ ಪ್ರಶ್ನೆಯನ್ನು ಕಳೆದ ಎರಡು ತಿಂಗಳಲ್ಲಿ ಎಷ್ಟು ಜನ ಕೇಳಿದರೋ ಲೆಕ್ಕವಿಲ್ಲ. ದೊಡ್ಡಪ್ಪ, ಪಕ್ಕದ ಮನೆಯ ಆಂಟಿ, ಕ್ಲಾಸಿನ ಗೆಳೆಯರು ಎಲ್ಲರೂ ಕೇಳಿದರು. ‘ಆ ದುಡ್ಡಿಗೆ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಬರ್ತಿತ್ತಲ್ಲೇ’ ಎಂದರು. ನಿಜ, ಬರುತ್ತಿತ್ತು. ಅದಕ್ಕಾಗಿಯೇ ಕೂಡಿಟ್ಟ ದುಡ್ಡು ಅದು.

ನಮ್ಮದು ಮಂಡ್ಯ. ಅಪ್ಪ ಆಟೊ ಓಡಿಸುತ್ತಾರೆ, ಅಮ್ಮ ಬಟ್ಟೆ ಹೊಲಿಯುತ್ತಾರೆ. ನಾನು ಬಿಇ ಐದನೇ ಸೆಮಿಸ್ಟರ್. ಪಿಯುಸಿ ಮೊದಲ ವರ್ಷದಲ್ಲಿದ್ದಾಗ ಒಂದು ಮಳೆಗಾಲದ ರಾತ್ರಿ ಅಪ್ಪನ ಆಟೊದ ಸೀಟಿನ ಕೆಳಗೆ ನಡುಗುತ್ತಾ ಕುಳಿತಿದ್ದ ಮರಿ ಈ ಗುಂಡ. ಸಿಇಟಿಗೆ ಓದುವಾಗ ರಾತ್ರಿ ಎರಡು ಗಂಟೆಯವರೆಗೂ ನನ್ನ ಜೊತೆ ಎಚ್ಚರವಿರುತ್ತಿದ್ದವನು ಅವನೊಬ್ಬನೇ.

ಅವತ್ತು ಮಂಗಳವಾರ. ಗುಂಡ ಮತ್ತೆ ಮತ್ತೆ ಮಣ್ಣಿನ ತಟ್ಟೆಗೆ ಹೋಗಿ ಕೂರುತ್ತಿದ್ದ, ಮುಕ್ಕುತ್ತಿದ್ದ, ಸುಮ್ಮನೆ ಎದ್ದು ಬರುತ್ತಿದ್ದ. ಮಲಬದ್ಧತೆ ಇರಬೇಕು ಎಂದುಕೊಂಡು ಅನ್ನಕ್ಕೆ ತುಪ್ಪ ಹಾಕಿ ಕೊಟ್ಟೆವು. ಮುಟ್ಟಲಿಲ್ಲ. ಮರುದಿನ ನನಗೆ ಇಂಟರ್ನಲ್ಸ್ ಇತ್ತು. ‘ಬರೆದು ಬಂದು ನೋಡೋಣ’ ಎಂದುಕೊಂಡೆ. ಸುಳ್ಳೇಕೆ ಹೇಳಲಿ, ಡಾಕ್ಟರ್ ಎಷ್ಟು ಕೇಳುತ್ತಾರೋ ಎಂಬ ಭಯವೂ ಇತ್ತು.

ಬುಧವಾರ ರಾತ್ರಿ ಅವನು ವಾಂತಿ ಮಾಡಿಕೊಂಡು ಬಾತ್‌ರೂಮಿನ ಮೂಲೆಯಲ್ಲಿ ಮಲಗಿದ್ದ. ಕಾಲು ತಣ್ಣಗಾಗಿತ್ತು. ಹೊಟ್ಟೆ ಮುಟ್ಟಿದರೆ ಕಿರುಚುತ್ತಿದ್ದ. ಆಸ್ಪತ್ರೆಗಳು ಮುಚ್ಚಿದ್ದವು. ಪರಿಚಯದ ಪಶುವೈದ್ಯರೊಬ್ಬರು ಫೋನಿನಲ್ಲಿ ಲಕ್ಷಣ ಕೇಳಿದ ಕೂಡಲೇ ‘ಗಂಡು ಬೆಕ್ಕಾ? ಮೂತ್ರ ಕಟ್ಟಿದೆ. ಬೆಳಗಿನವರೆಗೆ ಕಾಯಬೇಡಿ, ಮೈಸೂರಿಗೆ ಹೋಗಿ’ ಎಂದರು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಆಟೊ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲೇ 45 ಕಿಲೊಮೀಟರ್ ಹೋದೆವು. ದಾರಿಯುದ್ದಕ್ಕೂ ಅವನ ಎದೆಯ ಮೇಲೆ ಕೈ ಇಟ್ಟುಕೊಂಡೇ ಕುಳಿತಿದ್ದೆ.

ಗಂಡು ಬೆಕ್ಕಿನ ಮೂತ್ರನಾಳ ತೀರಾ ಸಪೂರ. ಹರಳಿನ ಪುಡಿಯೋ ಲೋಳೆಯೋ ಸಿಕ್ಕಿಕೊಂಡರೆ ಮೂತ್ರ ಪೂರ್ತಿ ನಿಂತುಬಿಡುತ್ತದೆ. ಆಗ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಇದೆಲ್ಲ ನನಗೆ ಗೊತ್ತಾಗಿದ್ದು ಆ ರಾತ್ರಿ, ಕ್ಲಿನಿಕ್ಕಿನ ಬೆಂಚಿನ ಮೇಲೆ. ರಕ್ತಪರೀಕ್ಷೆ, ಅರಿವಳಿಕೆ, ಕ್ಯಾತಿಟರ್, ಡ್ರಿಪ್, ಮೂರು ದಿನ ಅಡ್ಮಿಟ್. ಒಟ್ಟು 16,800 ರೂಪಾಯಿ. ನನ್ನ ಲ್ಯಾಪ್‌ಟಾಪಿನ ದುಡ್ಡು 11,000. ಉಳಿದದ್ದನ್ನು ಅಪ್ಪ ಸ್ಟ್ಯಾಂಡಿನ ಗೆಳೆಯರಿಂದ ಸಾಲ ತಂದರು. ಒಂದು ಮಾತೂ ಆಡಲಿಲ್ಲ. ಆ ಮೌನವೇ ನನಗೆ ಹೆಚ್ಚು ನೋವು ಕೊಟ್ಟಿತು.

ಗುಂಡ ಬದುಕಿದ. ಆದರೆ ನಾನು ಹೇಳಬೇಕಿರುವುದು ಅದಷ್ಟೇ ಅಲ್ಲ.

‘ಪ್ರೀತಿಯ ಮುಂದೆ ದುಡ್ಡು ಏನು ಮಹಾ’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮಂಥ ಮನೆಗಳಲ್ಲಿ ದುಡ್ಡು ಮಹಾ ಹೌದು. ಡಾಕ್ಟರ್ ಅರವತ್ತು ಸಾವಿರ ಎಂದಿದ್ದರೆ ನಮ್ಮಿಂದ ಆಗುತ್ತಿರಲಿಲ್ಲ. ಆಗ ನೋವಿಲ್ಲದ ಸಾವನ್ನು ಆರಿಸಿಕೊಳ್ಳಬೇಕಾಗುತ್ತಿತ್ತು. ಹಾಗೆ ಆರಿಸಿಕೊಂಡವರಿಗೆ ಪ್ರೀತಿ ಕಡಿಮೆ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಹಾಗೆಯೇ ‘ಬರೀ ಬೆಕ್ಕು ತಾನೆ, ಬೀದಿಯಲ್ಲಿ ಇನ್ನೊಂದು ಸಿಗುತ್ತೆ’ ಎನ್ನುವುದನ್ನೂ ಒಪ್ಪಲಾರೆ. ಮನೆಯೊಳಗೆ ಕರೆದುಕೊಂಡ ದಿನವೇ ಅದರ ನೋವಿನ ಹೊಣೆಯೂ ನಮ್ಮದಾಗುತ್ತದೆ.

ನನ್ನ ತಪ್ಪು ಖರ್ಚು ಮಾಡಿದ್ದಲ್ಲ, ಒಂದೂವರೆ ದಿನ ಕಾದದ್ದು. ಮಂಗಳವಾರವೇ ಹೋಗಿದ್ದರೆ ಅವನಿಗೆ ಅಷ್ಟು ನರಳಾಟ ಇರುತ್ತಿರಲಿಲ್ಲ, ಬಿಲ್ಲೂ ಬಹುಶಃ ಕಡಿಮೆಯಾಗುತ್ತಿತ್ತು. ದುಡ್ಡು ಉಳಿಸಲು ತಡ ಮಾಡಿದೆ, ತಡವೇ ದುಬಾರಿಯಾಯಿತು.

ಆದ್ದರಿಂದ ಹಾಸ್ಟೆಲ್ಲಿನಲ್ಲೋ ರೂಮಿನಲ್ಲೋ ಬೆಕ್ಕು ಸಾಕುತ್ತಿರುವ ಗೆಳೆಯರಿಗೆ ನಾಲ್ಕು ಮಾತು. ಗಂಡು ಬೆಕ್ಕು ಮುಕ್ಕುತ್ತಿದ್ದು ಮೂತ್ರ ಬರದಿದ್ದರೆ ಮನೆಮದ್ದು ಬೇಡ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಮನುಷ್ಯರ ಮಾತ್ರೆ ಕೊಡಬೇಡಿ. ಪಕ್ಕದ ಮನೆಯವರು ನಮಗೆ ಹೇಳಿದ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ‘ಒಟ್ಟು ಎಷ್ಟಾಗಬಹುದು, ಯಾವುದು ಈಗಲೇ ಬೇಕು, ಯಾವುದು ಕಾಯಬಹುದು’ ಎಂದು ಮೊದಲೇ ಕೇಳಿ, ನಾಚಿಕೆ ಬೇಡ. ನಾನು ಕೇಳಿದ್ದಕ್ಕೇ ಅವರು ಎರಡು ಕಂತಿನಲ್ಲಿ ಕಟ್ಟಲು ಬಿಟ್ಟರು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ಆಸ್ಪತ್ರೆಗಳಿವೆ. ಹತ್ತಿರದ ಆಸ್ಪತ್ರೆಯ ವೇಳೆ, ಫೋನ್ ನಂಬರ್ ಇವತ್ತೇ ಬರೆದಿಟ್ಟುಕೊಳ್ಳಿ.

ಸರ್ಕಾರಕ್ಕೂ ಒಂದು ಮಾತು. ನಮ್ಮ ಪಶು ಆಸ್ಪತ್ರೆಗಳು ಹಸು, ಎಮ್ಮೆ, ಕುರಿಗಳಿಗಾಗಿ ಕಟ್ಟಿದಂಥವು. ರೈತರ ಜಿಲ್ಲೆಯಲ್ಲಿ ಅದು ಸರಿಯೇ. ಆದರೆ ಈಗ ಸಣ್ಣ ಊರುಗಳಲ್ಲೂ ನಾಯಿ, ಬೆಕ್ಕು ಸಾಕುವವರು ಬಹಳ. ಜಿಲ್ಲೆಗೆ ಒಂದಾದರೂ ಕಡೆ ರಾತ್ರಿ ಹೊತ್ತು ಇವುಗಳನ್ನು ನೋಡುವ ವ್ಯವಸ್ಥೆ ಇರಬೇಕು. ಎಲ್ಲರ ಅಪ್ಪಂದಿರ ಹತ್ತಿರವೂ ಆಟೊ ಇರುವುದಿಲ್ಲ.

ಈಗ ಸಂಜೆ ಎಂಟನೇ ಕ್ಲಾಸಿನ ಮೂವರು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಸಾಲ ತೀರುತ್ತಾ ಬಂದಿದೆ. ತಿಂಗಳಿಗೆ ಇನ್ನೂರು ರೂಪಾಯಿ ಬೇರೆ ಡಬ್ಬಿಗೆ ಹಾಕುತ್ತೇನೆ, ಏಕೆಂದರೆ ಈ ತೊಂದರೆ ಮತ್ತೆ ಬರಬಹುದು ಎಂದಿದ್ದಾರೆ ಡಾಕ್ಟರ್. ಒಣ ಆಹಾರ ಕಡಿಮೆ ಮಾಡಿ, ಮನೆಯ ಮೂರು ಕಡೆ ನೀರಿನ ಬಟ್ಟಲು ಇಟ್ಟಿದ್ದೇವೆ. ಬೆಳಿಗ್ಗೆ ಎದ್ದು ಮೊದಲು ಮಣ್ಣಿನ ತಟ್ಟೆ ನೋಡುವುದು ಅಪ್ಪ. ಒದ್ದೆಯಾಗಿದ್ದರೆ ‘ಆಗಿದೆ ಕಣಮ್ಮ’ ಎಂದು ಕೂಗಿ ಹೇಳಿ ಆಟೊ ಸ್ಟಾರ್ಟ್ ಮಾಡುತ್ತಾರೆ.