ಸನ್ಮಾನಕ್ಕೆ ಮೊದಲು ಸಮಿತಿ ಇರಲಿ

ಮಾರ್ಚ್ 8 ಬಂತೆಂದರೆ ಕಚೇರಿಗಳಲ್ಲಿ ಶಾಲು, ಹಾರ, ಭಾಷಣಗಳಿಗೆ ಬರವಿಲ್ಲ. ಸಮಾನತೆಗಾಗಿ ಹೋರಾಡಿದ ಹೆಣ್ಣುಮಕ್ಕಳನ್ನು ನೆನೆಯುವುದು ಬೇಡವೆಂದು ಯಾರೂ ಹೇಳಲಾರರು. ಆದರೆ ಅವರ ಹೋರಾಟದಿಂದ ಬಂದ ಕಾನೂನನ್ನೇ ಪಾಲಿಸದ ಸಂಸ್ಥೆಗೆ ಅವರನ್ನು ಕೊಂಡಾಡುವ ಹಕ್ಕು ಎಲ್ಲಿಂದ ಬರಬೇಕು? ರಾಜಸ್ಥಾನದ ಭಟೇರಿ ಗ್ರಾಮದ ಭಂವರಿ ದೇವಿ ಅವರನ್ನೇ ನೋಡಿ. ಕುಂಬಾರ ಸಮುದಾಯದ ಅವರು ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಅಲ್ಪ ಗೌರವಧನ ಪಡೆಯುವ ‘ಸಾಥಿನ್’. ಮನೆಮನೆಗೆ ಹೋಗಿ ಬಾಲ್ಯವಿವಾಹ ಬೇಡವೆಂದು ತಿಳಿಹೇಳುವುದು ಅವರ ಕೆಲಸವೇ ಆಗಿತ್ತು. 1992ರಲ್ಲಿ, ಇನ್ನೂ ವರ್ಷ ತುಂಬದ ಹೆಣ್ಣುಕೂಸಿನ ಮದುವೆಗೆ ಅಡ್ಡ ಬಂದರೆಂಬ ಸಿಟ್ಟಿಗೆ ಊರಿನ ಬಲಾಢ್ಯರು ತಮ್ಮ ಮೇಲೆ ಸಾಮೂಹಿಕ ಅತ್ಯಾಚಾರ ನಡೆಸಿದರೆಂದು ಅವರು ದೂರು ಕೊಟ್ಟರು. 1994ರಲ್ಲಿ ಅವರ ಧೈರ್ಯಕ್ಕೆ ನೀರಜಾ ಭನೋಟ್ ಪ್ರಶಸ್ತಿ ಬಂತು. ಮರುವರ್ಷವೇ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡಿತು. ಮೇಲ್ಜಾತಿಯವರು ಕೆಳಜಾತಿಯ ಹೆಂಗಸನ್ನು ಮುಟ್ಟಲಾರರು ಎಂಬ ವಾದಕ್ಕೂ ಅಲ್ಲಿ ಮನ್ನಣೆ ಸಿಕ್ಕಿತ್ತು!

ಪ್ರಶಸ್ತಿಯಿಂದ ಆಗದ ಕೆಲಸ ಆದದ್ದು ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ. 1997ರ ವಿಶಾಖಾ ತೀರ್ಪು ಕೆಲಸದ ಜಾಗದಲ್ಲಿನ ಲೈಂಗಿಕ ಕಿರುಕುಳ ತಡೆಯುವ ಹೊಣೆಯನ್ನು ಉದ್ಯೋಗದಾತರ ಮೇಲೆ ಹೊರಿಸಿತು. 2013ರಲ್ಲಿ ಅದು ಕಾಯ್ದೆಯಾಯಿತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಸಂಬಳವಿಲ್ಲದೆ ಸ್ವಯಂಸೇವೆ ಮಾಡುವವರೂ ಉದ್ಯೋಗಿಗಳೇ, ಕೆಲಸದ ಮೇಲೆ ಹೋದ ಜಾಗವೂ ಕಾರ್ಯಸ್ಥಳವೇ ಎನ್ನುತ್ತದೆ ಕಾಯ್ದೆ. ಹಾಗೆಂದರೆ ಗೌರವಧನಕ್ಕೆ ಓಣಿ ಓಣಿ ಸುತ್ತುವ ನಮ್ಮ ಆಶಾ ಕಾರ್ಯಕರ್ತೆಯರಿಗೂ ಇದರ ರಕ್ಷಣೆ ಉಂಟು. ಕಾಗದದ ಮೇಲೆ ಇಷ್ಟು ವಿಶಾಲವಾದ ಕಾನೂನು ನಡೆದುಬಂದ ವೇಗ ಮಾತ್ರ ನಾಚಿಕೆ ತರುವಂಥದ್ದು: ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಯನ್ನೋ ಬೇರೊಬ್ಬ ಅಧಿಕಾರಿಯನ್ನೋ ಈ ಕಾಯ್ದೆಯಡಿ ನೇಮಿಸಿ ಎಂದು 2024ರ ಡಿಸೆಂಬರ್‌ನಲ್ಲೂ ಸುಪ್ರೀಂ ಕೋರ್ಟ್ ಗಡುವು ಕೊಡಬೇಕಾಯಿತು.

ಸನ್ಮಾನದಿಂದ ನಾಲ್ಕು ಜನರಿಗೆ ಸ್ಫೂರ್ತಿ ಸಿಗುವುದಿಲ್ಲವೇ ಎಂದು ಕೇಳಬಹುದು. ಸಿಗುತ್ತದೆ. ಆದರೆ ಸ್ಫೂರ್ತಿಗೊಂಡು ದನಿ ಎತ್ತಿದವಳು ದೂರು ಕೊಡಲು ಜಾಗವೇ ಇಲ್ಲದಿದ್ದರೆ ಅವಳನ್ನು ನಡುನೀರಿನಲ್ಲಿ ಕೈಬಿಟ್ಟಂತೆ. ಕಾನೂನು ದುರುಪಯೋಗವಾಗುತ್ತದೆ ಎಂಬ ಆಕ್ಷೇಪವೂ ಹಳೆಯದು. ದುರುದ್ದೇಶದ ಸುಳ್ಳು ದೂರಿಗೆ ಕ್ರಮ ಕೈಗೊಳ್ಳಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ದೂರು ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ದೂರು ಕೊಟ್ಟವಳ ಮೇಲೆ ಕ್ರಮ ಕೈಗೊಳ್ಳಬೇಕಿಲ್ಲ ಎಂದೂ ಅಲ್ಲೇ ಬರೆದಿದೆ. ಆಕ್ಷೇಪ ಎತ್ತುವವರು ಆ ಪುಟದವರೆಗೆ ಓದುವುದು ಅಪರೂಪ.

ಆಂತರಿಕ ಸಮಿತಿಯ ರಚನೆಯ ಆದೇಶವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುವುದು ಕಡ್ಡಾಯ. ಸಮಿತಿಯನ್ನೇ ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡವಿದೆ. ಮುಂದಿನ ಮಹಿಳಾ ದಿನದ ಆಮಂತ್ರಣ ಕೈಗೆ ಬಂದಾಗ ನಿಮ್ಮ ಕಚೇರಿಯ ಸೂಚನಾ ಫಲಕದಲ್ಲಿ ಆ ಆದೇಶ ಇದೆಯೇ ನೋಡಿ. ಇಲ್ಲವಾದರೆ ಲಿಖಿತವಾಗಿ ಕೇಳಿ.